ಟು-ಡು ಆಪ್‌ಗೆ ಮುಂದಿನ ನಾಲ್ಕು ವಾರದ ಹೊರೆ ತೋರಿಸುವ ಚಾರ್ಟ್ ಕಟ್ಟಿದ್ದು

ನನ್ನ ಟು-ಡು ಆಪ್ ನಾನೇ ಬರೆದುಕೊಂಡದ್ದು. ಒಂದು ಎಸ್‌ಕ್ಯೂಲೈಟ್ ಫೈಲು (ಒಂದೇ ಫೈಲಿನಲ್ಲಿರುವ ಸಣ್ಣ ಡೇಟಾಬೇಸ್), ಬ್ರೌಸರ್‌ನಲ್ಲಿ ತೆರೆಯುವ ಒಂದು ಪುಟ, ಅಷ್ಟೇ. ಕೆಲಸದ ಹೆಸರು, ಗಡುವಿನ ದಿನ, ಮುಗಿದರೆ ಒಂದು ಟಿಕ್. ನಾನೂ ನನ್ನ ಅಕ್ಕನೂ ಇದನ್ನು ದಿನಾ ಬಳಸುತ್ತೇವೆ, ಇಬ್ಬರಿಗೂ ಬೇರೆ ಬೇರೆ ಪಟ್ಟಿ. ಇವತ್ತು ಏನೇನಿದೆ ಅಂತ ನೋಡಲು ಅಷ್ಟು ಸಾಕಾಗಿತ್ತು. ಆದರೆ ಯಾರಾದರೂ "ಶುಕ್ರವಾರದೊಳಗೆ ಇದೊಂದು ಆಗುತ್ತಾ?" ಅಂತ ಕೇಳಿದರೆ ಪಟ್ಟಿ ನೋಡಿ ಉತ್ತರ ಹೇಳಲು ಬರುತ್ತಿರಲಿಲ್ಲ. ಹತ್ತು ನಿಮಿಷದ ಕೆಲಸವೂ ಒಂದು ಸಾಲು, ಎರಡು ದಿನ ನುಂಗುವ ಕೆಲಸವೂ ಒಂದು ಸಾಲು. ನಲವತ್ತು ಸಾಲು ಓದಿ, ಮನಸ್ಸಿನಲ್ಲೇ ಕೂಡಿಸಿ, "ಹ್ಞೂಂ, ಆಗುತ್ತೆ" ಅಂದುಬಿಡುತ್ತಿದ್ದೆ. ಆಗುವುದಿಲ್ಲ ಅಂತ ಗೊತ್ತಾಗುತ್ತಿದ್ದದ್ದು ಗುರುವಾರ ರಾತ್ರಿ.

ಹಾಗಾಗಿ ಮುಂದಿನ ನಾಲ್ಕು ವಾರದ ಹೊರೆ ಒಂದೇ ನೋಟಕ್ಕೆ ಕಾಣುವ ಒಂದು ಚಾರ್ಟ್ ಬೇಕು ಅನಿಸಿತು. ಚಿತ್ರ ಬರೆಯುವುದು ಸುಲಭ. ಯಾವ ಚಿತ್ರ ಬರೆಯಬೇಕು ಅಂತ ತಿಳಿಯಲು ಮೂರು ಸಲ ಕಟ್ಟಿ ಕೆಡವಬೇಕಾಯಿತು.

ಮೊದಲ ಕಂಬಗಳು

ಮೊದಲ ಸಂಜೆ ಮಾಡಿದ್ದು ದಿನಕ್ಕೊಂದು ಕಂಬ. ಆ ದಿನ ಗಡುವಿರುವ ಕೆಲಸ ಎಷ್ಟಿವೆಯೋ ಅಷ್ಟು ಎತ್ತರ. ದಿನಾಂಕದ ಮೇಲೆ ಗ್ರೂಪ್ ಬೈ ಹಾಕಿ (ಒಂದೇ ದಿನದವನ್ನು ಒಟ್ಟುಗೂಡಿಸಿ ಎಣಿಸುವುದು) ಡೇಟಾಬೇಸ್‌ಗೆ ಒಂದು ಕ್ವೆರಿ, ಬಂದ ಪ್ರತಿ ಸಾಲಿಗೂ ಎಸ್‌ವಿಜಿಯಲ್ಲಿ, ಅಂದರೆ ಬ್ರೌಸರ್‌ನಲ್ಲಿ ಚಿತ್ರ ಬರೆಯುವ ಭಾಷೆಯಲ್ಲಿ, ಒಂದು ಆಯತ. ಎಸ್‌ವಿಜಿಯಲ್ಲಿ ವೈ ಅಳತೆ ಮೇಲಿನಿಂದ ಕೆಳಕ್ಕೆ ಎಣಿಸುತ್ತದೆ, ಹಾಗಾಗಿ ಕಂಬಗಳೆಲ್ಲ ಮೇಲಿನ ಅಂಚಿನಿಂದ ಕೆಳಗೆ ಜೋತುಬಿದ್ದವು. ಚಾರ್ಟಿನ ಒಟ್ಟು ಎತ್ತರದಲ್ಲಿ ಕಂಬದ ಎತ್ತರ ಕಳೆದು, ಅಲ್ಲಿಂದ ಆಯತ ಶುರು ಮಾಡಿದರೆ ಸರಿಹೋಗುತ್ತದೆ.

ಇನ್ನೊಂದು ತಪ್ಪು ಕಣ್ಣಿಗೆ ಬೀಳಲು ಎರಡು ದಿನ ಹಿಡಿಯಿತು. ಕೆಲಸವೇ ಇಲ್ಲದ ದಿನಕ್ಕೆ ಗ್ರೂಪ್ ಬೈ ಸಾಲನ್ನೇ ಕೊಡುವುದಿಲ್ಲ. ಸೋಮವಾರ ಕೆಲಸ ಇದೆ, ಮಂಗಳವಾರ ಬುಧವಾರ ಇಲ್ಲ, ಗುರುವಾರ ಇದೆ ಅಂದರೆ ಸೋಮವಾರದ ಪಕ್ಕದಲ್ಲೇ ಗುರುವಾರದ ಕಂಬ ಬಂದು ಕೂರುತ್ತದೆ. ಹೊರೆಯ ಚಾರ್ಟಿನಲ್ಲಿ ಖಾಲಿ ದಿನವೇ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅಲ್ವಾ? ಅದೇ ಕಾಣೆಯಾಗಿತ್ತು. ಎಸ್‌ಕ್ಯೂಲೈಟ್‌ನಲ್ಲಿ ವಿತ್ ರಿಕರ್ಸಿವ್ ಬಳಸಿ ಇವತ್ತಿನಿಂದ 28 ದಿನಗಳ ಒಂದು ತಾತ್ಕಾಲಿಕ ಟೇಬಲ್ ಹುಟ್ಟಿಸಿ, ಕೆಲಸಗಳ ಟೇಬಲನ್ನು ಅದಕ್ಕೆ ಲೆಫ್ಟ್ ಜಾಯಿನ್ ಮಾಡಿದೆ, ಅಂದರೆ ಕೆಲಸ ಇಲ್ಲದಿದ್ದರೂ ದಿನ ಉಳಿಯುವ ಹಾಗೆ ಜೋಡಿಸಿದೆ. ಈಗ ಖಾಲಿ ದಿನವೂ ಸೊನ್ನೆ ಎತ್ತರದ ಕಂಬವಾಗಿ ತನ್ನ ಜಾಗದಲ್ಲಿ ನಿಲ್ಲುತ್ತದೆ.

ದಿನಾಂಕದ ವಿಷಯಕ್ಕೆ ಬಂದಾಗಲೇ ಹೇಳಿಬಿಡುತ್ತೇನೆ, ಇಡೀ ಯೋಜನೆಯಲ್ಲಿ ಜಾಸ್ತಿ ಹೊತ್ತು ತಿಂದದ್ದು ಇದೇ. ಒಂದು ದಿನ ಬೆಳಗಿನ ಜಾವ ಚಾರ್ಟ್ ತೆರೆದರೆ ನಿನ್ನೆಯ ದಿನವೇ 'ಇವತ್ತು' ಅಂತ ತೋರಿಸುತ್ತಿತ್ತು. ಎಸ್‌ಕ್ಯೂಲೈಟ್‌ನ ಡೇಟ್ ಫಂಕ್ಷನ್‌ಗೆ 'ನೌ' ಅಂತಷ್ಟೇ ಕೊಟ್ಟರೆ ಅದು ಯುಟಿಸಿ ದಿನಾಂಕ, ಅಂದರೆ ಗ್ರೀನಿಚ್ ಸಮಯದ ದಿನಾಂಕ ಕೊಡುತ್ತದೆ. ನಮ್ಮ ಗಡಿಯಾರದ ದಿನ ಬೇಕಾದರೆ 'ಲೋಕಲ್‌ಟೈಮ್' ಅಂತ ಸೇರಿಸಲೇಬೇಕು. ಬ್ರೌಸರ್‌ನೊಳಗೆ ಓಡುವ ಜಾವಾಸ್ಕ್ರಿಪ್ಟ್ ಕಡೆಯೂ ಇದೇ ಕಥೆ. ನಡುರಾತ್ರಿ 12ಕ್ಕೆ ಹೊಂದಿಸಿದ ದಿನಾಂಕವನ್ನು ಟು-ಐಎಸ್ಒ-ಸ್ಟ್ರಿಂಗ್ ಮೂಲಕ ಅಕ್ಷರಕ್ಕೆ ಇಳಿಸಿದರೆ ಅದು ಯುಟಿಸಿಗೆ ತಿರುಗಿಯೇ ಇಳಿಯುತ್ತದೆ. ಗ್ರೀನಿಚ್‌ಗಿಂತ ಮುಂದಿರುವ ಜಾಗದಲ್ಲಿ ಕೂತವರಿಗೆ ಹಿಂದಿನ ದಿನ ಸಿಗುತ್ತದೆ. ಬರೀ ದಿನಾಂಕದ ಅಕ್ಷರಗಳನ್ನು ಓದಿಸಿದರೆ ಅದನ್ನೂ ಯುಟಿಸಿ ಅಂತಲೇ ಎಣಿಸುತ್ತದೆ. ಗ್ರೀನಿಚ್‌ಗಿಂತ ಹಿಂದಿರುವವರಿಗೆ ಅಲ್ಲಿ ಒಂದು ದಿನ ಜಾರುತ್ತದೆ. ಅಲ್ಲೊಂದು ಇಲ್ಲೊಂದು ತೇಪೆ ಹಾಕಿ ಸಾಕಾಯಿತು. ಕೊನೆಗೆ ಚಾರ್ಟಿನ ಒಳಗೆ ಗಂಟೆ ನಿಮಿಷದ ಮಾತೇ ಬೇಡ ಅಂತ ತೀರ್ಮಾನಿಸಿದೆ. ಪ್ರತಿ ದಿನವೂ ಒಂದು ಪೂರ್ಣಾಂಕ: 1970 ಜನವರಿ 1ರಿಂದ ಎಷ್ಟನೇ ದಿನ. ನಾಳೆ ಅಂದರೆ ಒಂದು ಕೂಡು, ನಿನ್ನೆ ಅಂದರೆ ಒಂದು ಕಳೆ. ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸುವ ದೇಶಗಳಲ್ಲಿ ದಿನಕ್ಕೆ 86,400 ಸೆಕೆಂಡು ಅಂತ ನಂಬಿ ಕೂಡಿಸಿದವರಿಗೆ ಬರುವ ತೊಂದರೆಯೂ ಇದರಿಂದ ತಪ್ಪಿತು. ಇಂಥದ್ದೇನಾದರೂ ಕಟ್ಟುವವರಿಗೆ ನನ್ನ ಮೊದಲ ಸಲಹೆ ಇದೇ: ಮೊದಲ ದಿನವೇ ಹೀಗೆ ಮಾಡಿ.

ಎಣಿಕೆ ಬೇಡ, ಗಂಟೆ ಬೇಕು

ಕಂಬಗಳು ಸರಿಯಾಗಿ ನಿಂತ ಮೇಲೆ ನೋಡಿದರೆ ಅತಿ ಎತ್ತರದ ದಿನ ಒಂದು ಮಂಗಳವಾರ. ಒಂಬತ್ತು ಕೆಲಸ. ಒಳಗೆ ನೋಡಿದರೆ ಒಂಬತ್ತೂ ಸಣ್ಣ ಫೋನು, ಸಣ್ಣ ಉತ್ತರಗಳು. ಎರಡು ದಿನ ಬಿಟ್ಟು ಬರುವ ಗುರುವಾರ ಗಿಡ್ಡ ಕಂಬ, ಒಂದೇ ಕೆಲಸ. ಆದರೆ ಅದು ಆರು ಗಂಟೆಯ ವರದಿ. ಹೀಗೆ ಎಣಿಸುವುದರಲ್ಲಿ ಅರ್ಥವಿರಲಿಲ್ಲ.

ಅದಕ್ಕೆ ಪ್ರತಿ ಕೆಲಸಕ್ಕೂ ಅಂದಾಜು ಹೊತ್ತು ಸೇರಿಸಿದೆ. ಮೊದಲು ನಿಮಿಷ ಬರೆಯುವ ಖಾಲಿ ಚೌಕ ಇಟ್ಟಿದ್ದೆ. ಅಕ್ಕ ಒಂದು ಸಲವೂ ತುಂಬಲಿಲ್ಲ, ನಾನೂ ಮೂರು ದಿನಕ್ಕೆ ಬಿಟ್ಟೆ. ಒಂದು ಕೆಲಸ 45 ನಿಮಿಷವೋ 50 ನಿಮಿಷವೋ ಅಂತ ಯೋಚಿಸುತ್ತಾ ಕೂರುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಚೌಕ ತೆಗೆದು ಐದು ಬಟನ್ ಇಟ್ಟೆ: ಕಾಲು ಗಂಟೆ, ಅರ್ಧ, ಒಂದು, ಎರಡು, ನಾಲ್ಕು. ಬೇರೆ ಅಂಕಿ ಬೇಕಾದರೆ ಒಂದಾದ ಮೇಲೊಂದು ಬಟನ್ ಒತ್ತಬೇಕು, ಗಂಟೆಗಳು ಕೂಡುತ್ತವೆ. ಒತ್ತುವುದೂ ಬೇಡ ಅಂದರೆ ಅರ್ಧ ಗಂಟೆ ಅಂತ ತಾನೇ ಹಿಡಿಯುತ್ತದೆ, ಆದರೆ ಅಂಥ ಕೆಲಸವನ್ನು ತುಂಬಿದ ಬಣ್ಣದಲ್ಲಿ ಬರೆಯದೆ ಅಡ್ಡಗೀಟುಗಳಿಂದ ಬರೆಯುತ್ತದೆ. ನೋಡಿದ ತಕ್ಷಣ ಈ ಭಾಗ ಊಹೆ ಅಂತ ಗೊತ್ತಾಗಬೇಕು. ಜೊತೆಗೆ 'ಉಳಿದದ್ದು' ಅಂತ ಒಂದು ಅಂಕಿ ಇಟ್ಟೆ. ಆರು ಗಂಟೆಯ ವರದಿಯಲ್ಲಿ ಎರಡು ಗಂಟೆಯಷ್ಟು ಮುಗಿದಿದ್ದರೆ ಒಂದು ತಟ್ಟು ತಟ್ಟಿ ನಾಲ್ಕಕ್ಕೆ ಇಳಿಸಬಹುದು. ಇದಿಲ್ಲದಿದ್ದರೆ ಅರ್ಧ ಮುಗಿಸಿದ ಕೆಲಸವೂ ಕೊನೆಯವರೆಗೆ ಪೂರ್ತಿ ಭಾರವಾಗಿಯೇ ಕಾಣುತ್ತದೆ.

ಗಡುವಿನ ದಿನ ಕೆಲಸದ ದಿನವಲ್ಲ

ಇಲ್ಲಿಯವರೆಗೆ ಚೆನ್ನಾಗಿಯೇ ಕಾಣುತ್ತಿತ್ತು. ಅಡ್ಡಲಾಗಿ ಒಂದು ಗೆರೆಯನ್ನೂ ಹಾಕಿದ್ದೆ, ದಿನಕ್ಕೆ ಮೂರು ಗಂಟೆ ಅಂತ. ಕಂಬ ಗೆರೆ ದಾಟಿದರೆ ಕೆಂಪು. ಆಗ ಅಕ್ಕನ ಪಟ್ಟಿಯಲ್ಲಿ ಒಂದು ವಾರ ಹೀಗಿತ್ತು. ಸೋಮವಾರ, ಮಂಗಳವಾರ ಯಾವ ಗಡುವೂ ಇಲ್ಲ. ಬುಧವಾರ ಎರಡು ಗಂಟೆಯ ಪರಿಶೀಲನೆ. ಗುರುವಾರ ಆರು ಗಂಟೆಯ ವರದಿ, ಒಂದು ಗಂಟೆಯ ಪತ್ರ. ಶುಕ್ರವಾರ ಐದು ಗಂಟೆಯ ಸ್ಲೈಡುಗಳು.

ಸೋಮವಾರ ಬೆಳಗ್ಗೆ ಅವಳು ಕರೆದಳು. "ಲೋ, ಗುರುವಾರ ಇಷ್ಟುದ್ದ ಕೆಂಪಾಗಿದೆ ಕಣೋ. ಅವತ್ತು ಏಳು ಗಂಟೆ ಎಲ್ಲಿಂದ ತರ್ಲಿ?"

"ಅಕ್ಕಾ, ಅವತ್ತೇ ಮಾಡ್ಬೇಕು ಅಂತೇನಿಲ್ವಲ್ಲ. ಇವತ್ತೂ ನಾಳೇನೂ ಖಾಲಿ ಇದೆ ನೋಡು."

"ಹಾಗಾದ್ರೆ ಕೆಂಪು ಯಾಕೆ ತೋರಿಸ್ತಿದೆ? ಖಾಲಿ ಇದೆ ಅಂತ ಈಗಷ್ಟೇ ಇನ್ನೆರಡು ಗಂಟೆ ಕೆಲಸ ಒಪ್ಕೊಂಡೆ."

ಅವಳ ಮಾತಿನಲ್ಲಿ ಎರಡು ದೂರು ಇದ್ದವು, ಎರಡೂ ನಿಜ. ಚಾರ್ಟ್ ಗುರುವಾರದ ವಿಷಯದಲ್ಲಿ ಸುಮ್ನೆ ಹೆದರಿಸುತ್ತಿತ್ತು. ಸೋಮವಾರದ ವಿಷಯದಲ್ಲಿ ಸುಳ್ಳು ಧೈರ್ಯ ಕೊಡುತ್ತಿತ್ತು. ಗಡುವು ಅಂದರೆ ಕೆಲಸ ಮುಗಿಯಬೇಕಾದ ಕೊನೆಯ ದಿನ. ಕೆಲಸ ಇರುವುದು ಅದಕ್ಕಿಂತ ಹಿಂದಿನ ದಿನಗಳಲ್ಲಿ. ನಾನು ಇಡೀ ಭಾರವನ್ನು ತಂದು ಬಾಗಿಲಲ್ಲಿ ಪೇರಿಸಿಟ್ಟಿದ್ದೆ.

ಮೊದಲು ಹೊಳೆದ ಪರಿಹಾರ ಸಮನಾಗಿ ಹಂಚುವುದು. ಆರು ಗಂಟೆಯ ವರದಿಗೆ ಸೋಮವಾರದಿಂದ ಗುರುವಾರದವರೆಗೆ ದಿನಕ್ಕೆ ಒಂದೂವರೆ ಗಂಟೆ. ಬರೆದು ನೋಡಿದರೆ ಚಾರ್ಟ್ ಬಹಳ ನಯವಾಗಿ ಬಂತು, ಎಲ್ಲವೂ ಗೆರೆಯ ಆಸುಪಾಸಿನಲ್ಲೇ. ಒಂದು ವಾರ ಬಳಸಿದ ಮೇಲೆ ಅದರ ಗುಣ ಗೊತ್ತಾಯಿತು. ಸೋಮವಾರ ವರದಿ ಮುಟ್ಟದಿದ್ದರೆ ಮಂಗಳವಾರ ಬೆಳಗ್ಗೆ ದಿನಕ್ಕೆ ಎರಡು ಗಂಟೆ ಅಂತ ತೋರಿಸುತ್ತದೆ. ಅವತ್ತೂ ಮುಟ್ಟದಿದ್ದರೆ ಬುಧವಾರ ಮೂರು. ಇನ್ನೂ ಗೆರೆಯ ಒಳಗೇ! ಅವತ್ತೂ ಬಿಟ್ಟರೆ ಗುರುವಾರ ಬೆಳಗ್ಗೆ ಒಮ್ಮೆಲೇ ಆರು. ಯಾವಾಗ ಎಚ್ಚರಿಸಬೇಕಿತ್ತೋ ಆಗೆಲ್ಲ ಅದು ತಣ್ಣಗೆ ಕೂತಿತ್ತು. ಹೀಗೆ ಹಂಚುವ ಚಾರ್ಟುಗಳು ನೋಡಲು ಚೆಂದ, ಆದರೆ ನನಗೆ ಅವು ಬೇಡವೆನಿಸಿತು. ಆ ಕೋಡನ್ನು ಪೂರ್ತಿ ಅಳಿಸಿದೆ.

ಹಿಂದಕ್ಕೆ ತುಂಬುವುದು

ಮೂರನೇ ಸಲ ತಿರುಗಿಸಿ ಯೋಚಿಸಿದೆ. ಪ್ರತಿ ಕೆಲಸವನ್ನೂ ಆದಷ್ಟು ಕೊನೆಗೆ ತಳ್ಳಿದರೆ ಏನಾಗುತ್ತದೆ? ಚಾರ್ಟಿನ ಕೊನೆಯ ದಿನದಿಂದ ಶುರು ಮಾಡಿ ಇವತ್ತಿನ ಕಡೆಗೆ ನಡೆಯುವುದು. ಆ ದಿನದ ಗಡುವಿನ ಕೆಲಸ ಆ ದಿನದಲ್ಲೇ ಕೂರಿಸುವುದು. ಮೂರು ಗಂಟೆ ತುಂಬಿದ ಮೇಲೆ ಉಳಿದದ್ದನ್ನು ಹಿಂದಿನ ದಿನಕ್ಕೆ ಸುರಿಯುವುದು.

ಅಕ್ಕನ ಅದೇ ವಾರವನ್ನು ಕಾಗದದ ಮೇಲೆ ಮಾಡಿ ನೋಡಿದೆ. ಅವಳು ಆಮೇಲೆ ಒಪ್ಪಿಕೊಂಡ ಎರಡು ಗಂಟೆ ಬಿಟ್ಟು ಲೆಕ್ಕ ಹೀಗೆ. ಶುಕ್ರವಾರ ಐದು ಗಂಟೆ, ಅಲ್ಲಿ ಮೂರು ಕೂತಿತು, ಎರಡು ಗುರುವಾರಕ್ಕೆ ಬಂತು. ಗುರುವಾರ ತನ್ನದೇ ಏಳು, ಬಂದದ್ದು ಎರಡು, ಒಟ್ಟು ಒಂಬತ್ತು. ಮೂರು ಕೂತಿತು, ಆರು ಬುಧವಾರಕ್ಕೆ. ಬುಧವಾರ ಎರಡೂ ಆರೂ ಎಂಟು, ಅದರಲ್ಲಿ ಐದು ಮಂಗಳವಾರಕ್ಕೆ. ಮಂಗಳವಾರದಿಂದ ಎರಡು ಸೋಮವಾರಕ್ಕೆ. ಸೋಮವಾರ ಮೂರರಲ್ಲಿ ಎರಡು ತುಂಬಿತು. ಉಳಿದದ್ದು ಒಂದು ಗಂಟೆ.

ಅಂದರೆ ಆ ಸೋಮವಾರ ಅವಳ ಹತ್ತಿರ ನಿಜವಾಗಿ ಇದ್ದ ಬಿಡುವು ಒಂದೇ ಗಂಟೆ. ಖಾಲಿ ಅಂತ ಕಂಡ ಎರಡು ದಿನಗಳಲ್ಲಿ ಐದು ಗಂಟೆ ಆಗಲೇ ಮಾತು ಕೊಟ್ಟಾಗಿತ್ತು. ಅವಳು ಒಪ್ಪಿಕೊಂಡ ಎರಡು ಗಂಟೆಯಲ್ಲಿ ಒಂದು ಗಂಟೆಗೆ ಜಾಗವೇ ಇರಲಿಲ್ಲ.

ಇದನ್ನೇ ಇನ್ನೊಂದು ಕಡೆಯಿಂದ ಲೆಕ್ಕ ಹಾಕಿ ತಾಳೆ ನೋಡಿದೆ. ಪ್ರತಿ ದಿನದ ಕೊನೆಗೆ ಅಲ್ಲಿಯವರೆಗೆ ಮುಗಿದಿರಬೇಕಾದ ಒಟ್ಟು ಕೆಲಸ ಒಂದು ಕಡೆ, ಅಲ್ಲಿಯವರೆಗೆ ಸಿಗುವ ಒಟ್ಟು ಹೊತ್ತು ಇನ್ನೊಂದು ಕಡೆ. ಬುಧವಾರದವರೆಗೆ ಕೆಲಸ 2, ಹೊತ್ತು 9. ಗುರುವಾರದವರೆಗೆ ಕೆಲಸ 9, ಹೊತ್ತು 12. ಶುಕ್ರವಾರದವರೆಗೆ ಕೆಲಸ 14, ಹೊತ್ತು 15. ಅಂತರ ಏಳು, ಮೂರು, ಒಂದು. ಎಲ್ಲಕ್ಕಿಂತ ಇಕ್ಕಟ್ಟಾದ ಜಾಗ ಶುಕ್ರವಾರ, ಗುರುವಾರವಲ್ಲ! ಎರಡು ದಾರಿಯಲ್ಲೂ ಒಂದೇ ಗಂಟೆ ಬಂದಾಗ ಖುಷಿಯಾಯಿತು. ಮೊದಲ ಚಾರ್ಟು ಕೆಂಪಗೆ ತೋರಿಸಿದ್ದ ಗುರುವಾರದಲ್ಲಿ ಮೂರು ಗಂಟೆ ಬಿಡುವಿತ್ತು. ಶುಕ್ರವಾರದೊಳಗೆ ಮುಗಿಯಬೇಕಾದ ಯಾವುದೇ ಹೊಸ ಕೆಲಸ, ಅದರ ಗಡುವು ಮಂಗಳವಾರವೇ ಇರಲಿ ಬುಧವಾರವೇ ಇರಲಿ, ಆ ಒಂದು ಗಂಟೆಯೊಳಗೇ ಕೂರಬೇಕು. ಮುಂದಿನ ವಾರದ ಗಡುವಿನದ್ದಾದರೆ ಈ ಶುಕ್ರವಾರ ಅದಕ್ಕೆ ಅಡ್ಡ ಬರುವುದಿಲ್ಲ.

ಇದು ನಾನು ಕಂಡುಹಿಡಿದದ್ದೇನೂ ಅಲ್ಲ. ಹುಡುಕಿದರೆ ಕಾರ್ಖಾನೆಯ ಯಂತ್ರಗಳಿಗೂ ಕಂಪ್ಯೂಟರಿನ ಪ್ರೊಸೆಸರಿಗೂ ಇದೇ ಲೆಕ್ಕ ಎಷ್ಟೋ ಹಿಂದೆಯೇ ಆಗಿದೆ. ಒಂದೇ ಯಂತ್ರ, ಎಲ್ಲ ಕೆಲಸವೂ ಕೈಯಲ್ಲೇ ಇವೆ ಅಂದಾಗ ಗಡುವಿನ ಕ್ರಮದಲ್ಲೇ ಮಾಡಿದರೆ ಅತಿ ಹೆಚ್ಚು ತಡವಾಗುವ ಕೆಲಸದ ತಡ ಆದಷ್ಟು ಕಡಿಮೆಯಾಗುತ್ತದೆ ಅಂತ ಜೆ. ಆರ್. ಜ್ಯಾಕ್ಸನ್ 1955ರಲ್ಲೇ ತೋರಿಸಿದ್ದಾರೆ. 1973ರಲ್ಲಿ ಲಿಯು ಮತ್ತು ಲೇಲ್ಯಾಂಡ್ ಪ್ರೊಸೆಸರ್‌ಗಳ ಲೆಕ್ಕದಲ್ಲಿ ಹತ್ತಿರದ ಗಡುವು ಮೊದಲು ಅನ್ನುವ ಇದೇ ನಿಯಮವನ್ನು ಬೆಳೆಸಿದರು. ನನಗೆ ಇದರಿಂದ ಒಂದು ಮುಖ್ಯ ವಿಷಯ ಸ್ಪಷ್ಟವಾಯಿತು. ಹಿಂದಕ್ಕೆ ತುಂಬಿದ ಚಾರ್ಟು ಕೆಲಸ ಮಾಡುವ ಯೋಜನೆಯಲ್ಲ. ಕೈಯಲ್ಲಿರುವುದನ್ನು ಗಡುವಿನ ಕ್ರಮದಲ್ಲಿ ಇವತ್ತೇ ಶುರು ಮಾಡಬೇಕು. ಚಾರ್ಟು ಹೇಳುವುದು ಇಷ್ಟೇ: ಎಷ್ಟು ಜಾಗ ಆಗಲೇ ಹೋಗಿದೆ, ಎಷ್ಟು ಉಳಿದಿದೆ.

ಇವತ್ತನ್ನೂ ದಾಟಿ ಹಿಂದಕ್ಕೆ ಸುರಿಯಿತು ಅಂದರೆ ಆ ಗಂಟೆಗಳಿಗೆ ಎಲ್ಲಿಯೂ ಜಾಗವಿಲ್ಲ. ಅವನ್ನು 'ಇವತ್ತು' ಕಂಬದ ಎಡಕ್ಕೆ, ಚಾರ್ಟಿನ ಹೊರಗೆ, ಒಂದು ಬೇರೆ ಕಂಬವಾಗಿ ಬರೆದೆ. ಅದರ ಕೆಳಗೆ 'ಜಾಗ ಇಲ್ಲ' ಅಂತ ಎರಡೇ ಮಾತು. ಯಾವ ದಿನದ ಇಕ್ಕಟ್ಟಿನಿಂದ ಹೀಗಾಯಿತು ಅಂತ ತಿಳಿಯಲು ಅಂತರ ಅತಿ ಕಡಿಮೆ ಇರುವ ದಿನದ ಕೆಳಗೆ ಒಂದು ಸಣ್ಣ ತ್ರಿಕೋನ. ನಲವತ್ತು ಕೆಲಸ, 28 ದಿನ ಅಂದರೆ ಕಂಪ್ಯೂಟರಿಗೆ ಏನೇನೂ ಅಲ್ಲ, ಪ್ರತಿ ಬದಲಾವಣೆಗೂ ಪೂರ್ತಿ ಹೊಸದಾಗಿಯೇ ಲೆಕ್ಕ ಹಾಕುತ್ತದೆ.

ಶುರು ಮಾಡಲಾಗದ ಕೆಲಸ

ಇದಾದ ಮೇಲೆ ಒಂದು ಬಗ್ ಬಂತು. ಕೆಲವು ಕೆಲಸ ಬೇಕೆಂದರೂ ಬೇಗ ಶುರು ಮಾಡಲಾಗುವುದಿಲ್ಲ. ಕಡತ ಶುಕ್ರವಾರವೇ ಕೈಗೆ ಬರುತ್ತದೆ, ಅವತ್ತೇ ನೋಡಿ ಕಳಿಸಬೇಕು. ಅದಕ್ಕೆ 'ಇದಕ್ಕಿಂತ ಮುಂಚೆ ಬೇಡ' ಅಂತ ಇನ್ನೊಂದು ದಿನಾಂಕ ಸೇರಿಸಿದೆ. ಇಂಥ ಯೋಚನೆ ಬೇರೆ ಕಡೆಯೂ ಇದೆ. ಟಾಸ್ಕ್‌ವಾರಿಯರ್ ಎಂಬ ಟು-ಡು ತಂತ್ರಾಂಶದಲ್ಲಿ ಗಡುವಿಗೆ 'ಡ್ಯೂ' ಇದ್ದ ಹಾಗೆ 'ಶೆಡ್ಯೂಲ್ಡ್', 'ವೇಟ್' ಅಂತ ಬೇರೆ ದಿನಾಂಕಗಳೂ ಇವೆ. ಇಮ್ಯಾಕ್ಸ್ ಎಡಿಟರಿನ ಆರ್ಗ್-ಮೋಡ್‌ನಲ್ಲಿ 'ಶೆಡ್ಯೂಲ್ಡ್' ಬೇರೆ, 'ಡೆಡ್‌ಲೈನ್' ಬೇರೆ. ನನಗೆ ಒಂದೇ ಸಾಕಿತ್ತು.

ಸೇರಿಸಿದ ಮರುದಿನವೇ 'ಜಾಗ ಇಲ್ಲ' ಕಂಬ ಎದ್ದು ನಿಂತಿತು, ಗುರುವಾರ ಪೂರ್ತಿ ಖಾಲಿ ಇದ್ದರೂ! ಹುಡುಕಿದೆ. ಶುಕ್ರವಾರದ ಗಡುವಿನ ಎರಡು ಕೆಲಸ ಇದ್ದವು, ಎರಡಕ್ಕೂ ಮೂರು ಮೂರು ಗಂಟೆ. ಒಂದು ಯಾವಾಗ ಬೇಕಾದರೂ ಮಾಡಬಹುದಾದ ಸ್ಲೈಡು. ಇನ್ನೊಂದು ಶುಕ್ರವಾರವೇ ಬರುವ ಕಡತ. ನನ್ನ ಕೋಡು ಪಟ್ಟಿಯಲ್ಲಿ ಮೊದಲಿದ್ದ ಸ್ಲೈಡನ್ನು ಶುಕ್ರವಾರಕ್ಕೆ ಕೂರಿಸಿ ದಿನ ತುಂಬಿಸಿತು. ಕಡತ ಗುರುವಾರಕ್ಕೆ ಸರಿಯಿತು, ಆದರೆ ಗುರುವಾರ ಅದು ಕೈಯಲ್ಲೇ ಇರುವುದಿಲ್ಲ. ಹಾಗಾಗಿ ಜಾಗ ಇಲ್ಲ ಅಂದುಬಿಟ್ಟಿತು. ತುಂಬುವಾಗ ಯಾವುದು ತೀರಾ ತಡವಾಗಿ ಶುರುವಾಗುತ್ತದೋ ಅದಕ್ಕೆ ಮೊದಲು ಜಾಗ ಕೊಡಬೇಕು. ನಾವು ಹಿಂದಕ್ಕೆ ನಡೆಯುತ್ತಿರುವಾಗ ಶುರುವಿನ ದಿನವೇ ಗಡುವಿನ ಹಾಗೆ ಕೆಲಸ ಮಾಡುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ಅರ್ಧ ದಿನ ಹೋಯಿತು, ಕೋಡಿನಲ್ಲಿ ಬದಲಾದದ್ದು ಒಂದೇ ಸಾಲು, ವಿಂಗಡಿಸುವ ಸಾಲು. ಈಗ ಕಡತ ಶುಕ್ರವಾರಕ್ಕೆ, ಸ್ಲೈಡು ಗುರುವಾರಕ್ಕೆ.

ಇದಾದ ಮೇಲೆ ಬರೀ ಒಟ್ಟು ಕೂಡಿಸಿ ತಾಳೆ ನೋಡುವ ಲೆಕ್ಕವೂ ಸಾಲದು. ಇವತ್ತಿನಿಂದ ಒಂದು ದಿನದವರೆಗೆ ಅಂತಷ್ಟೇ ಅಲ್ಲ, ಯಾವುದೇ ಎರಡು ದಿನಗಳ ನಡುವೆ ಶುರುವಾಗಿ ಅಲ್ಲೇ ಮುಗಿಯಬೇಕಾದ ಕೆಲಸವೆಲ್ಲ ಆ ನಡುವಿನ ಹೊತ್ತಿನಲ್ಲಿ ಹಿಡಿಯಬೇಕು. ಎಲ್ಲ ಜೋಡಿ ದಿನಗಳನ್ನೂ ಪರೀಕ್ಷಿಸುವ ಒಂದು ಟೆಸ್ಟ್ ಬರೆದಿಟ್ಟೆ. ಕೋಡು ಮುಟ್ಟಿದಾಗೆಲ್ಲ ಓಡಿಸುತ್ತೇನೆ.

ದಿನಕ್ಕೆ ಎಷ್ಟು ಗಂಟೆ?

ಆ ಮೂರು ಗಂಟೆ ಎಲ್ಲಿಂದ ಬಂತು ಅಂತ ಹೇಳಲಿಲ್ಲ. ಮೊದಲು ಎಂಟು ಗಂಟೆ ಅಂತ ಹಾಕಿದ್ದೆ. ದಿನಕ್ಕೆ ಎಂಟು ಗಂಟೆ ದುಡಿಯುತ್ತೇನೆ, ಹಾಗಾಗಿ ಎಂಟು. ಆ ಗೆರೆ ಇದ್ದಷ್ಟು ದಿನ ಯಾವ ವಾರವೂ ಕೆಂಪಾಗಲಿಲ್ಲ, ಆದರೂ ಪ್ರತಿ ವಾರ ಕೆಲಸ ಉಳಿಯುತ್ತಿತ್ತು. ಪಟ್ಟಿಗೆ ಬರೆಯದ ಕರೆಗಳು, ಮಾತುಕತೆ, ಯಾರೋ ಬಂದು ಕೇಳುವ ಪ್ರಶ್ನೆ ಇವೆಲ್ಲ ಹೊತ್ತು ತೆಗೆದುಕೊಳ್ಳುತ್ತವೆ ಅಲ್ವಾ?

ಅದಕ್ಕಿಂತ ಆಳದ ತೊಡಕು ನಮ್ಮ ಅಂದಾಜಿನದ್ದು. ನಾವು ಅಂದಾಜು ಮಾಡುವಾಗ ಕಡಿಮೆಯೇ ಹೇಳುತ್ತೇವೆ. ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 33.9 ದಿನದಲ್ಲಿ ಮುಗಿಯುತ್ತದೆ ಅಂದಿದ್ದರು. ಎಲ್ಲವೂ ಕೆಟ್ಟರೆ ಎಷ್ಟು ಅಂತ ಕೇಳಿದಾಗ 48.6 ದಿನ ಅಂದಿದ್ದರು. ನಿಜವಾಗಿ ಹಿಡಿದದ್ದು 55.5 ದಿನ. ಕೆಟ್ಟ ಅಂದಾಜನ್ನೂ ನಿಜ ದಾಟಿತ್ತು.

ಮೊದಲು ಪ್ರತಿ ಅಂದಾಜನ್ನೂ ಒಂದೂವರೆಯಿಂದ ಗುಣಿಸಿದೆ. ಅದು ಕೈಗೆ ಬಂದ ಅಂಕಿ, ಅಕ್ಕನಿಗೆ ಬೇರೆ ಅಂಕಿ ಬೇಕಾದೀತು. ಆಮೇಲೆ ಗುಣಿಸುವ ಅಗತ್ಯವೇ ಇಲ್ಲ ಅಂತ ಹೊಳೆಯಿತು. ಗಡಿಯಾರದ ಗಂಟೆ ಬಿಟ್ಟು ಅಂದಾಜಿನ ಗಂಟೆಯಲ್ಲೇ ದಿನವನ್ನೂ ಅಳೆದರಾಯಿತು. ಒಂದು ದಿನ ಟಿಕ್ ಹಾಕಿದ ಕೆಲಸಗಳ ಅಂದಾಜುಗಳನ್ನು ಕೂಡಿಸಿದರೆ ಆ ದಿನ ಎಷ್ಟು 'ಅಂದಾಜು ಗಂಟೆ' ಮುಗಿಸಿದೆ ಅಂತ ಬರುತ್ತದೆ. ನಾನು ಒಂದು ಗಂಟೆ ಅಂತ ಬರೆದ ಕೆಲಸಕ್ಕೆ ಯಾವಾಗಲೂ ಎರಡು ಗಂಟೆ ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. ಆಗ ನನ್ನ ದಿನದ ಅಳತೆಯೂ ಅರ್ಧಕ್ಕೆ ಇಳಿದಿರುತ್ತದೆ, ಎರಡೂ ಸರಿಹೋಗುತ್ತವೆ. ಅಂದಾಜು ಸರಿಯಾಗಿರಬೇಕು ಅಂತಿಲ್ಲ, ಒಂದೇ ರೀತಿ ತಪ್ಪಾಗಿದ್ದರೆ ಸಾಕು.

ಅರ್ಧ ಮುಗಿದ ಕೆಲಸದ 'ಉಳಿದದ್ದು' ಇಳಿಸಿದಾಗಲೂ ಇಳಿಸಿದಷ್ಟು ಅವತ್ತಿನ ಖಾತೆಗೆ ಸೇರುತ್ತದೆ. ಕಳೆದ ಮೂರು ವಾರದ ದಿನಗಳ ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟು ನಡುವಿನದ್ದನ್ನು ತೆಗೆದುಕೊಳ್ಳುತ್ತೇನೆ. ಸರಾಸರಿ ತೆಗೆದರೆ ಒಂದು ಅಪರೂಪದ ಒಳ್ಳೆಯ ದಿನ ಗೆರೆಯನ್ನು ಮೇಲಕ್ಕೆ ಎಳೆದುಬಿಡುತ್ತದೆ. ವಾರಾಂತ್ಯಕ್ಕೆ ಬೇರೆ ಗೆರೆ. ರಜೆಯ ದಿನಕ್ಕೆ ಸೊನ್ನೆ ಅಂತ ಕೈಯಾರೆ ಬರೆಯಬಹುದು. ಬರೆದ ಕೂಡಲೇ ಆ ದಿನದ ಕೆಲಸವೆಲ್ಲ ಹಿಂದಿನ ದಿನಗಳಿಗೆ ಸುರಿಯುವುದು ಕಣ್ಣೆದುರೇ ಕಾಣುತ್ತದೆ. ನನ್ನ ಗೆರೆ ಮೂರು ಗಂಟೆಯ ಹತ್ತಿರ ನಿಂತಿತು. ಅಕ್ಕನದ್ದೂ ಹಾಗೇ.

ಗಡುವು ದಾಟಿದವು, ಮರುಕಳಿಸುವವು

ಗಡುವು ದಾಟಿ ಬಿದ್ದಿದ್ದ ಕೆಲಸಗಳನ್ನೆಲ್ಲ ಇವತ್ತಿಗೆ ಸೇರಿಸಿದರೆ 'ಜಾಗ ಇಲ್ಲ' ಕಂಬ ಸದಾ ಎದ್ದೇ ನಿಂತಿರುತ್ತದೆ. ಸದಾ ಇರುವ ಎಚ್ಚರಿಕೆಯನ್ನು ಕಣ್ಣು ಎರಡೇ ದಿನದಲ್ಲಿ ಬಿಟ್ಟುಬಿಡುತ್ತದೆ. ಆ ಕೆಲಸಗಳನ್ನು ಲೆಕ್ಕದಿಂದಲೇ ಬಿಟ್ಟರೆ ಚಾರ್ಟು ಸುಳ್ಳಾಗುತ್ತದೆ. ನನ್ನ ಹಳೆಯ ಬಾಕಿಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಹೆಚ್ಚಿನವುಗಳ ಗಡುವು ನಿಜವಾದ ಗಡುವೇ ಆಗಿರಲಿಲ್ಲ, ಬೇಗ ಆಗಲಿ ಅಂತ ನಾನೇ ಹಾಕಿದ ದಿನಾಂಕ. ಈಗ ಗಡುವು ದಾಟಿದ ಕೆಲಸ ಮರುದಿನ ಬೆಳಗ್ಗೆ ಮೇಲೆ ಬಂದು ಮೂರರಲ್ಲಿ ಒಂದು ಕೇಳುತ್ತದೆ: ಹೊಸ ದಿನ ಕೊಡು, ದಿನಾಂಕ ತೆಗೆ, ಇಲ್ಲವೇ ಕೆಲಸವನ್ನೇ ತೆಗೆ. ಉತ್ತರ ಕೊಡುವವರೆಗೆ ಅದು ಇವತ್ತಿನ ಲೆಕ್ಕಕ್ಕೇ ಸೇರಿರುತ್ತದೆ. ದಿನಾಂಕವೇ ಇಲ್ಲದವು ಚಾರ್ಟಿಗೆ ಬರುವುದಿಲ್ಲ. ಅವನ್ನು ಎಲ್ಲಾದರೂ ತುರುಕುವುದು ನನಗೆ ಸರಿ ಕಾಣಲಿಲ್ಲ.

ಮರುಕಳಿಸುವ ಕೆಲಸಗಳಿಗೆ ಕ್ಯಾಲೆಂಡರ್ ಆಪ್‌ಗಳು ಹಂಚಿಕೊಳ್ಳುವ ಐಕ್ಯಾಲೆಂಡರ್ ಮಾದರಿಯ ನಿಯಮವನ್ನೇ ಇಟ್ಟುಕೊಂಡೆ, ಆರ್‌ಎಫ್‌ಸಿ 5545 ಎಂಬ 2009ರ ಇಂಟರ್ನೆಟ್ ಮಾನದಂಡದಲ್ಲಿರುವುದು. 28 ದಿನದೊಳಗೆ ಬರುವ ಪ್ರತಿಗಳನ್ನು ಚಾರ್ಟು ಬರೆಯುವಾಗ ಲೆಕ್ಕ ಹಾಕುತ್ತೇನೆ, ಡೇಟಾಬೇಸ್‌ಗೆ ಬರೆಯುವುದಿಲ್ಲ. ಒಂದು ಎಚ್ಚರಿಕೆ: 'ಪ್ರತಿ ತಿಂಗಳ 31' ಅಂತ ಕೊಟ್ಟರೆ 31 ಇಲ್ಲದ ತಿಂಗಳುಗಳನ್ನು ಆ ನಿಯಮ ಬಿಟ್ಟು ಮುಂದೆ ಹೋಗುತ್ತದೆ. ತಿಂಗಳ ಕೊನೆಯ ದಿನ ಬೇಕಾದರೆ ದಿನದ ಜಾಗದಲ್ಲಿ ಮೈನಸ್ ಒಂದು ಕೊಡಬೇಕು.

ಬಣ್ಣ

ಕಂಬದ ಬದಲು ತಿಂಗಳ ಕ್ಯಾಲೆಂಡರಿನ ಚೌಕಗಳಿಗೆ ತಿಳಿ-ಗಾಢ ಬಣ್ಣ ಹಚ್ಚಿಯೂ ನೋಡಿದೆ. ಚೆಂದ ಇತ್ತು, ಜಾಗವೂ ಕಡಿಮೆ. ಆದರೆ ಎರಡೂವರೆ ಗಂಟೆಯ ಚೌಕಕ್ಕೂ ಮೂರೂವರೆ ಗಂಟೆಯ ಚೌಕಕ್ಕೂ ವ್ಯತ್ಯಾಸ ಕಣ್ಣಿಗೆ ಸಿಗುತ್ತಿರಲಿಲ್ಲ. ಇಲ್ಲಿ ಬೇಕಾದದ್ದು ಅದೇ ವ್ಯತ್ಯಾಸ. ಕ್ಲೀವ್‌ಲ್ಯಾಂಡ್ ಮತ್ತು ಮ್ಯಾಕ್‌ಗಿಲ್ 1984ರಲ್ಲೇ ಬರೆದಿದ್ದಾರೆ, ಒಂದೇ ಅಳತೆಗೋಲಿನ ಮೇಲಿನ ಸ್ಥಾನವನ್ನು ನಾವು ಅತಿ ನಿಖರವಾಗಿ ಓದುತ್ತೇವೆ, ಬಣ್ಣದ ಗಾಢತೆಯನ್ನು ಅತಿ ಕಡಿಮೆ ನಿಖರವಾಗಿ. ಕಂಬಕ್ಕೇ ಮರಳಿದೆ. ಕೆಂಪು ಹಸಿರನ್ನೂ ಬಿಟ್ಟೆ. ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಆ ಎರಡು ಬಣ್ಣ ಬೇರೆ ಮಾಡಿ ನೋಡುವುದು ಕಷ್ಟ. ಈಗ ತುಂಬಿದ್ದು ನೀಲಿ, ಜಾಗ ಇಲ್ಲದ್ದು ಕಿತ್ತಳೆ. ಪ್ರತಿ ಕಂಬಕ್ಕೂ ಸ್ಕ್ರೀನ್ ರೀಡರ್ (ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶ) ಓದುವ ಒಂದು ಸಾಲು ಇದೆ: "ಶುಕ್ರವಾರ, ಮೂರರಲ್ಲಿ ಮೂರು ಗಂಟೆ ತುಂಬಿದೆ".

ಚಾರ್ಟು ಇರಬೇಕಾದ ಜಾಗ

ಚಾರ್ಟು ಒಂದು ಬೇರೆ ಟ್ಯಾಬ್‌ನಲ್ಲಿತ್ತು. ಭಾನುವಾರ ಒಮ್ಮೆ ತೆರೆದು ನೋಡುತ್ತಿದ್ದೆವು, ಆಮೇಲೆ ಮರೆಯುತ್ತಿದ್ದೆವು. ಒಪ್ಪಿಕೊಳ್ಳುವ ಹೊತ್ತಿಗೆ ಅದು ಕಣ್ಣೆದುರು ಇರುತ್ತಿರಲಿಲ್ಲ. ಹೊರೆ ಕೂಡುವುದು ಕೆಲಸ ಸೇರಿಸುವ ಕ್ಷಣದಲ್ಲಿ. ಹಾಗಾಗಿ ಚಾರ್ಟನ್ನು ಗಿಡ್ಡ ಮಾಡಿ, ಎರಡು ಬೆರಳಿನಷ್ಟು ಎತ್ತರಕ್ಕೆ, ಹೊಸ ಕೆಲಸ ಬರೆಯುವ ಫಾರ್ಮಿನೊಳಗೇ ದಿನಾಂಕದ ಚೌಕದ ಕೆಳಗೆ ಕೂರಿಸಿದೆ. ದಿನಾಂಕವೂ ಅಂದಾಜೂ ಕೊಟ್ಟ ಕೂಡಲೇ, ಉಳಿಸುವ ಬಟನ್ ಒತ್ತುವ ಮುಂಚೆಯೇ, ಆ ಕೆಲಸವನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಹೊಸ ಗಂಟೆಗಳು ಚುಕ್ಕಿ ಅಂಚಿನ ಬಿಳಿ ಕಂಬವಾಗಿ ಬರುತ್ತವೆ. ಅವು ಹಿಂದಕ್ಕೆ ತಳ್ಳಿದ ಕೆಲಸಗಳೂ ಜಾರುವುದು ಕಾಣುತ್ತದೆ. ದಿನಾಂಕವನ್ನು ಬೆರಳಲ್ಲಿ ಆಚೆಗೆ ಎಳೆದರೆ ಕಂಬಗಳು ಜೊತೆಗೇ ಹರಿಯುತ್ತವೆ. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ.

ಒಂದು ಕೊರತೆ ಇನ್ನೂ ಇದೆ. ಹಿಂದಕ್ಕೆ ತುಂಬುವ ಲೆಕ್ಕ ಕೆಲಸವನ್ನು ಎಷ್ಟು ಬೇಕಾದರೂ ತುಂಡು ಮಾಡುತ್ತದೆ. ವರದಿಯ ಹತ್ತು ನಿಮಿಷ ಸೋಮವಾರಕ್ಕೆ ಬಿದ್ದರೂ ಅದಕ್ಕೆ ಸರಿಯೇ. ಅರ್ಧ ಗಂಟೆಗಿಂತ ಸಣ್ಣ ತುಂಡು ಬೇಡ ಅಂತ ಕಟ್ಟು ಹಾಕಿದ್ದೇನೆ. ಒಂದೇ ಸಲ ಕೂತು ಮುಗಿಸಬೇಕಾದ ನಾಲ್ಕು ಗಂಟೆಯ ಕೆಲಸಕ್ಕೆ ಇದು ಸಾಲುವುದಿಲ್ಲ. ಅಂಥವಕ್ಕೆ ಬೇರೆ ಗುರುತು ಹಾಕುವುದು ಮುಂದಿನ ಕೆಲಸ.

ಮೊನ್ನೆ ಅಕ್ಕ ಕರೆ ಮಾಡಿದ್ದಳು. ಯಾರಿಗೋ ಎರಡು ಗಂಟೆಯ ಕೆಲಸ ಶುಕ್ರವಾರಕ್ಕೆ ಬೇಕಿತ್ತಂತೆ. ಫೋನು ಕಿವಿಗೆ ಇಟ್ಟುಕೊಂಡೇ ಫಾರ್ಮಿನಲ್ಲಿ ಶುಕ್ರವಾರ ಹಾಕಿದ್ದಾಳೆ, ಎಡದಲ್ಲಿ ಒಂದು ಗಂಟೆಯ ಕಿತ್ತಳೆ ಕಂಬ ಎದ್ದಿದೆ. ದಿನಾಂಕ ಎಳೆದಿದ್ದಾಳೆ. ಸೋಮವಾರಕ್ಕೆ ಬಂದಾಗ ಕಿತ್ತಳೆ ಹೋಗಿದೆ. "ಸೋಮವಾರ ಸಂಜೆ ಕೊಡ್ತೀನಿ ಅಂದೆ ಕಣೋ," ಅಂದಳು, "ಅವ್ರೂ ಆಗ್ಲಿ ಅಂದ್ರು."